ಹೊಸ ಎಸ್‌ಎಸ್‌ಡಿಗೆ ಸಾಗಿಸಿದ ಲಿನಕ್ಸ್ ಬೂಟ್ ಆಗದಿದ್ದರೆ: ದೋಷದ ಹಂತವನ್ನು ಗುರುತಿಸಿ ಸರಿಪಡಿಸುವ ಬಗೆ

ಹಳೆಯ ಹಾರ್ಡ್ ಡಿಸ್ಕಿನಲ್ಲಿದ್ದ ಉಬುಂಟು, ಡೆಬಿಯನ್ ಅಥವಾ ಮಿಂಟ್ ವ್ಯವಸ್ಥೆಯನ್ನು ಹೊಸ ಎಸ್‌ಎಸ್‌ಡಿಗೆ ನಕಲಿಸಿ ಪವರ್ ಬಟನ್ ಒತ್ತಿದಾಗ ಕಪ್ಪು ಪರದೆಯ ಮೇಲೆ ಅರ್ಥವಾಗದ ಒಂದು ಸಾಲು ಬಂದು ನಿಂತುಬಿಟ್ಟರೆ, ಹೆಚ್ಚಿನವರು ಎಲ್ಲವನ್ನೂ ಅಳಿಸಿ ಹೊಸದಾಗಿ ಇನ್‌ಸ್ಟಾಲ್ ಮಾಡುವ ನಿರ್ಧಾರಕ್ಕೆ ಬರುತ್ತಾರೆ. ಅಷ್ಟು ದೂರ ಹೋಗಬೇಕಾದ ಸಂದರ್ಭಗಳು ಬಹಳ ಕಡಿಮೆ. ನಕಲಾದ ಕಡತಗಳು ಸಾಮಾನ್ಯವಾಗಿ ಸುರಕ್ಷಿತವಾಗಿಯೇ ಇರುತ್ತವೆ. ಹಳೆಯ ಡಿಸ್ಕಿನ ವಿಳಾಸ ಎಲ್ಲೋ ಒಂದೆಡೆ ಬದಲಾಗದೆ ಉಳಿದಿರುತ್ತದೆ. ಅದು ಎಲ್ಲಿ ಉಳಿದಿದೆ ಎಂದು ಹುಡುಕುವುದೇ ಇಲ್ಲಿರುವ ಕೆಲಸ.

ಬೂಟ್ ಆಗುವಾಗ ಕೆಲಸವು ನಾಲ್ಕು ಕೈ ದಾಟುತ್ತದೆ. ಮೊದಲು ಮದರ್‌ಬೋರ್ಡಿನ ಫರ್ಮ್‌ವೇರ್ ಡಿಸ್ಕನ್ನು ಹುಡುಕಿ ಅದರಲ್ಲಿರುವ ಬೂಟ್‌ಲೋಡರನ್ನು ಎಬ್ಬಿಸುತ್ತದೆ. ಆ ಬೂಟ್‌ಲೋಡರ್, ಅಂದರೆ ಗ್ರಬ್, ಲಿನಕ್ಸಿನ ತಿರುಳಾದ ಕರ್ನಲನ್ನೂ ಇನಿಟ್‌ರಾಮ್‌ಎಫ್‌ಎಸ್ ಎಂಬ ಪುಟ್ಟ ತಾತ್ಕಾಲಿಕ ಕಡತವ್ಯವಸ್ಥೆಯನ್ನೂ ಮೆಮೊರಿಗೆ ಎತ್ತಿಕೊಳ್ಳುತ್ತದೆ. ಇನಿಟ್‌ರಾಮ್‌ಎಫ್‌ಎಸ್ ನಿಜವಾದ ರೂಟ್ ಪಾರ್ಟಿಷನನ್ನು, ಅಂದರೆ ವ್ಯವಸ್ಥೆಯ ಕಡತಗಳಿರುವ ಡಿಸ್ಕಿನ ಭಾಗವನ್ನು, ಹುಡುಕಿ ಮೌಂಟ್ ಮಾಡುತ್ತದೆ (ಬಳಕೆಗೆ ಜೋಡಿಸುತ್ತದೆ). ಕೊನೆಗೆ ಸೇವೆಗಳನ್ನೆಲ್ಲ ಆರಂಭಿಸುವ ಸಿಸ್ಟಮ್‌ಡಿ ಉಳಿದ ಪಾರ್ಟಿಷನ್‌ಗಳನ್ನು ಜೋಡಿಸಿ ಲಾಗಿನ್ ಪರದೆಯವರೆಗೆ ಕರೆತರುತ್ತದೆ. ಈ ನಾಲ್ವರೂ ಡಿಸ್ಕನ್ನು ತಮ್ಮದೇ ರೀತಿಯಲ್ಲಿ, ತಮ್ಮ ಬಳಿ ಬರೆದಿಟ್ಟುಕೊಂಡ ಪ್ರತ್ಯೇಕ ಗುರುತಿನಿಂದ ಹುಡುಕುತ್ತಾರೆ. ಆದ್ದರಿಂದ ಪರದೆಯ ಮೇಲೆ ಕೊನೆಯದಾಗಿ ಕಂಡ ಸಾಲು ಯಾವುದೆಂಬುದು ಬಹಳ ಮುಖ್ಯ. ಮುಂದಿನ ಪ್ರಯತ್ನಕ್ಕೆ ಮೊದಲು ಅದರ ಚಿತ್ರವನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಬೇಕು.

ಇಲ್ಲಿ ಆದೇಶಗಳ ಹೆಸರುಗಳನ್ನು ಕನ್ನಡ ಲಿಪಿಯಲ್ಲಿ ಕೊಟ್ಟಿದ್ದರೂ ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್‌ನ ಸಣ್ಣಕ್ಷರಗಳಲ್ಲೇ ಬೆರಳಚ್ಚಿಸಬೇಕು. ವಿವರಣೆ ಮುಖ್ಯವಾಗಿ ಡೆಬಿಯನ್ ಕುಟುಂಬದ ವಿತರಣೆಗಳಿಗೆ ಅನ್ವಯಿಸುತ್ತದೆ. ಫೆಡೋರಾ ಬೇರೆ ದಾರಿ ಹಿಡಿಯುವಲ್ಲಿ ಅದನ್ನು ಸೂಚಿಸಿದ್ದೇನೆ.

ಕೈ ಹಚ್ಚುವ ಮೊದಲು

ಹಳೆಯ ಡಿಸ್ಕಿನಲ್ಲಿರುವುದನ್ನು ಅಳಿಸಬೇಡಿ. ಹೊಸದು ಹಲವು ದಿನ ತೊಂದರೆಯಿಲ್ಲದೆ ನಡೆಯುವವರೆಗೂ ನಿಮ್ಮ ನಿಜವಾದ ಬ್ಯಾಕಪ್ ಅದೇ. ಜೊತೆಗೆ, ನಿಮ್ಮ ವಿತರಣೆಯ ಅದೇ ಆವೃತ್ತಿಯ ಲೈವ್ ಪೆನ್‌ಡ್ರೈವ್ (ಇನ್‌ಸ್ಟಾಲ್ ಮಾಡದೆಯೇ ಲಿನಕ್ಸ್ ನಡೆಸುವಂಥದು) ಒಂದನ್ನು ಸಿದ್ಧಪಡಿಸಿಕೊಳ್ಳಿ. ಅದೇ ಆವೃತ್ತಿ ಏಕೆಂಬುದಕ್ಕೆ ಕಾರಣವಿದೆ, ಅದು ಗ್ರಬ್ ಕುರಿತ ಭಾಗದಲ್ಲಿ ಬರುತ್ತದೆ.

ಪೆನ್‌ಡ್ರೈವ್‌ನಿಂದ ಬೂಟ್ ಮಾಡುವಾಗ ಫರ್ಮ್‌ವೇರಿನ ಹೊಸ ಬಗೆಯಾದ ಯುಇಎಫ್‌ಐ ವಿಧಾನದಲ್ಲಿ ಬಂದಿದ್ದೀರೋ ಹಳೆಯ ಬಯೋಸ್ ವಿಧಾನದಲ್ಲಿ ಬಂದಿದ್ದೀರೋ ಎಂಬುದನ್ನು ಖಚಿತಪಡಿಸಿಕೊಳ್ಳಿ. ಲೈವ್ ವ್ಯವಸ್ಥೆಯಲ್ಲಿ /ಸಿಸ್/ಫರ್ಮ್‌ವೇರ್/ಇಎಫ್‌ಐ ಎಂಬ ಡೈರೆಕ್ಟರಿ ಇದ್ದರೆ ಯುಇಎಫ್‌ಐ, ಇಲ್ಲದಿದ್ದರೆ ಬಯೋಸ್. ಯುಇಎಫ್‌ಐ ಯಂತ್ರವನ್ನು ಬಯೋಸ್ ವಿಧಾನದಲ್ಲಿ ಬೂಟ್ ಮಾಡಿಕೊಂಡು ದುರಸ್ತಿಗೆ ಕುಳಿತರೆ, ಫರ್ಮ್‌ವೇರಿನ ಬೂಟ್ ಪಟ್ಟಿಯನ್ನು ತಿದ್ದಲು ಸಾಧ್ಯವೇ ಆಗದೆ ಗಂಟೆಗಟ್ಟಲೆ ಶ್ರಮ ವ್ಯರ್ಥವಾಗುತ್ತದೆ.

ಇನ್ನೊಂದು ಎಚ್ಚರಿಕೆಯನ್ನು ಇಲ್ಲೇ ಹೇಳಬೇಕು. ಡಿಡಿ ಅಥವಾ ಕ್ಲೋನ್‌ಜಿಲ್ಲಾದಂಥ ಸಾಧನದಿಂದ ಡಿಸ್ಕನ್ನು ಯಥಾವತ್ತಾಗಿ ನಕಲಿಸಿದರೆ ಕಡತವ್ಯವಸ್ಥೆಗಳ ಯುಯುಐಡಿಗಳೂ (ಪ್ರತಿಯೊಂದಕ್ಕೂ ಇರುವ ವಿಶಿಷ್ಟ ಗುರುತು) ಪಾರ್ಟಿಷನ್‌ಗಳ ಗುರುತುಗಳೂ ಹಾಗೆಯೇ ನಕಲಾಗುತ್ತವೆ. ಎರಡೂ ಡಿಸ್ಕುಗಳನ್ನು ಒಟ್ಟಿಗೆ ಜೋಡಿಸಿಟ್ಟರೆ ಒಂದೇ ಗುರುತಿನ ಎರಡು ಪಾರ್ಟಿಷನ್‌ಗಳು ಎದುರಾಗಿ, ಗ್ರಬ್ ಹೊಸ ಡಿಸ್ಕಿನಿಂದ ಆರಂಭವಾಗಿ ರೂಟ್ ಮಾತ್ರ ಹಳೆಯ ಡಿಸ್ಕಿನಿಂದ ಮೌಂಟ್ ಆಗುವಂಥ ವಿಚಿತ್ರ ಸ್ಥಿತಿ ಉಂಟಾಗಬಹುದು. ಬಳಕೆದಾರರಿಗೆ ಎಲ್ಲವೂ ಸರಿಯಾಗಿದೆಯೆಂದೇ ತೋರುತ್ತದೆ. ಹಳೆಯ ಡಿಸ್ಕನ್ನು ತೆಗೆದ ದಿನ ಬೂಟ್ ನಿಲ್ಲುತ್ತದೆ. ಬಿಟಿಆರ್‌ಎಫ್‌ಎಸ್ ಎಂಬ ಕಡತವ್ಯವಸ್ಥೆ ಬಳಸುವವರಿಗೆ ಇದು ಇನ್ನೂ ಅಪಾಯಕಾರಿ: ಒಂದೇ ಗುರುತಿನ ಎರಡು ನಕಲುಗಳು ಕರ್ನಲ್‌ಗೆ ಒಟ್ಟಿಗೆ ಕಂಡರೆ ಡೇಟಾ ಕೆಡುವ ಸಾಧ್ಯತೆಯಿದೆ. ಯಥಾವತ್ ನಕಲಾದ ಕೂಡಲೇ ಯಂತ್ರವನ್ನು ಆರಿಸಿ ಹಳೆಯ ಡಿಸ್ಕನ್ನು ಬಿಚ್ಚಿಡುವುದು ಸರಿಯಾದ ಕ್ರಮ. ಎರಡನ್ನೂ ಇಟ್ಟುಕೊಳ್ಳಲೇಬೇಕಾದರೆ ಒಂದರ ಗುರುತನ್ನು ಬದಲಿಸಬೇಕು. ಇಎಕ್ಸ್‌ಟಿ4ಗೆ ಟ್ಯೂನ್2ಎಫ್‌ಎಸ್, ಎಕ್ಸ್‌ಎಫ್‌ಎಸ್‌ಗೆ ಎಕ್ಸ್‌ಎಫ್‌ಎಸ್_ಅಡ್ಮಿನ್, ಬಿಟಿಆರ್‌ಎಫ್‌ಎಸ್‌ಗೆ ಬಿಟಿಆರ್‌ಎಫ್‌ಎಸ್‌ಟ್ಯೂನ್ ಆದೇಶಗಳು ಪಾರ್ಟಿಷನ್ ಅನ್‌ಮೌಂಟ್ ಆಗಿರುವಾಗ ಈ ಕೆಲಸ ಮಾಡುತ್ತವೆ.

1 ಟಿಬಿ ಹಾರ್ಡ್ ಡಿಸ್ಕಿನಿಂದ 512 ಜಿಬಿ ಎಸ್‌ಎಸ್‌ಡಿಗೆ ಬರುವವರಿಗೆ ಯಥಾವತ್ ನಕಲು ಸಾಧ್ಯವಿಲ್ಲ. ಹೊಸ ಪಾರ್ಟಿಷನ್ ಮಾಡಿ ಆರ್‌ಸಿಂಕ್ ಮೂಲಕ ಕಡತಗಳನ್ನು ಸಾಗಿಸುವ ದಾರಿಯೇ ನನ್ನ ಮಟ್ಟಿಗೆ ಒಳ್ಳೆಯದು. ಆಗ ಯುಯುಐಡಿಗಳೆಲ್ಲ ಹೊಸದಾಗಿರುತ್ತವೆ, ಮುಂದೆ ಹೇಳುವ ತಿದ್ದುಪಡಿಗಳು ಬಹುತೇಕ ಎಲ್ಲವೂ ಬೇಕಾಗುತ್ತವೆ. ದೊಡ್ಡ ಎಸ್‌ಎಸ್‌ಡಿಗೆ ಯಥಾವತ್ ನಕಲಿಸಿದವರು ಇನ್ನೊಂದನ್ನು ಗಮನಿಸಬೇಕು: ಜಿಪಿಟಿ ಎಂಬ ಬಗೆಯ ಪಾರ್ಟಿಷನ್ ಕೋಷ್ಟಕದ ಮೀಸಲು ಪ್ರತಿಯು ಡಿಸ್ಕಿನ ಕಟ್ಟಕಡೆಯಲ್ಲಿರಬೇಕು, ಆದರೆ ನಕಲಿನಲ್ಲಿ ಅದು ನಡುವೆ ಉಳಿದಿರುತ್ತದೆ. ಎಸ್‌ಜಿಡಿಸ್ಕ್ ಆದೇಶವನ್ನು ಸಣ್ಣಕ್ಷರದ -ಇ ಆಯ್ಕೆಯೊಂದಿಗೆ ನಡೆಸಿದರೆ ಅದು ಸರಿಯಾದ ಜಾಗಕ್ಕೆ ಹೋಗುತ್ತದೆ.

ಡಿಸ್ಕ್ ಕಾಣಿಸುವುದೇ ಇಲ್ಲ

ಫರ್ಮ್‌ವೇರ್ ಸೆಟಪ್‌ನಲ್ಲಿ ಎಸ್‌ಎಸ್‌ಡಿಯ ಹೆಸರೇ ಇಲ್ಲವಾದರೆ ಲಿನಕ್ಸ್‌ನ ಮಾತು ಇನ್ನೂ ಬಂದಿಲ್ಲ. ಎಂ.2 ಕಿಂಡಿಯಲ್ಲಿ ಕೂರುವ ಎಸ್‌ಎಸ್‌ಡಿಗಳಲ್ಲಿ ಸಾಟಾ ಮತ್ತು ಎನ್‌ವಿಎಂಇ ಎಂಬ ಎರಡು ಬಗೆಗಳಿವೆ. ಎರಡೂ ನೋಡಲು ಒಂದೇ ರೀತಿ ಇದ್ದು, ಭೌತಿಕವಾಗಿ ಒಂದೇ ಕಿಂಡಿಯಲ್ಲಿ ಕೂರಬಹುದಾದರೂ ಕೆಲವು ಕಿಂಡಿಗಳು ಒಂದು ಬಗೆಯನ್ನು ಮಾತ್ರ ಒಪ್ಪುತ್ತವೆ. ಕೆಲವು ಡೆಸ್ಕ್‌ಟಾಪ್ ಮದರ್‌ಬೋರ್ಡ್‌ಗಳಲ್ಲಿ ಎಂ.2 ಕಿಂಡಿ ತುಂಬಿದರೆ ಒಂದೆರಡು ಸಾಟಾ ಪೋರ್ಟ್‌ಗಳು ತಾವಾಗಿ ನಿಷ್ಕ್ರಿಯವಾಗುತ್ತವೆ; ಹಾಗಾದರೆ ಹೊಸದು ಕಾಣಿಸಿ ಹಳೆಯದು ಮಾಯವಾಗುತ್ತದೆ. ಇದಕ್ಕೆಲ್ಲ ಮದರ್‌ಬೋರ್ಡಿನ ಕೈಪಿಡಿಯೇ ಆಧಾರ.

ಫರ್ಮ್‌ವೇರ್‌ಗೆ ಕಂಡೂ ಲೈವ್ ಲಿನಕ್ಸ್‌ನಲ್ಲಿ ಎಲ್‌ಎಸ್‌ಬಿಎಲ್‌ಕೆ ಆದೇಶ ತೋರಿಸುವ ಡಿಸ್ಕುಗಳ ಪಟ್ಟಿಯಲ್ಲಿ ಎನ್‌ವಿಎಂಇ0ಎನ್1 ಎಂಬ ಸಾಲು ಬರದಿದ್ದರೆ ಡಿಸ್ಕನ್ನು ಕಂಟ್ರೋಲರ್‌ನ ಹಿಂದೆ ಮರೆಮಾಡುವ ಇಂಟೆಲ್‌ನ ರೇಡ್ ಅಥವಾ ವಿಎಂಡಿ ವ್ಯವಸ್ಥೆಯನ್ನು ಸಂಶಯಿಸಬೇಕು. ಫರ್ಮ್‌ವೇರ್‌ನಲ್ಲಿ ಸ್ಟೋರೇಜ್ ವಿಧಾನವನ್ನು ಎಎಚ್‌ಸಿಐಗೆ ಬದಲಿಸಿದರೆ, ಅಥವಾ ವಿಎಂಡಿಯನ್ನು ನಿಷ್ಕ್ರಿಯಗೊಳಿಸಿದರೆ ಡಿಸ್ಕ್ ಕಾಣಿಸಿಕೊಳ್ಳುತ್ತದೆ. ಅದೇ ಯಂತ್ರದಲ್ಲಿ ವಿಂಡೋಸ್ ಕೂಡ ಇದ್ದರೆ ಈ ಬದಲಾವಣೆಯನ್ನು ನೇರವಾಗಿ ಮಾಡಬಾರದು. ಮೊದಲು ವಿಂಡೋಸ್ ಮುಂದಿನ ಸಲ ಸೇಫ್ ಮೋಡ್‌ನಲ್ಲಿ ಬೂಟ್ ಆಗುವಂತೆ ಹೊಂದಿಸಿ, ಬಿಟ್‌ಲಾಕರ್ ಎನ್‌ಕ್ರಿಪ್ಷನ್ ಇದ್ದರೆ ಅದರ ರಿಕವರಿ ಕೀಲಿಯನ್ನು ಬರೆದಿಟ್ಟುಕೊಂಡು, ಆಮೇಲೆ ಬದಲಿಸಬೇಕು.

ಡಿಸ್ಕ್ ಕಾಣುತ್ತದೆ, ಬೂಟ್ ಸಾಧನ ಇಲ್ಲವೆನ್ನುತ್ತದೆ

ಯುಇಎಫ್‌ಐ ಫರ್ಮ್‌ವೇರ್ ತನ್ನ ಸ್ವಂತ ಸ್ಮೃತಿಯಲ್ಲಿ ಬೂಟ್ ನಮೂದುಗಳ ಪಟ್ಟಿಯೊಂದನ್ನು ಇಟ್ಟುಕೊಂಡಿರುತ್ತದೆ. ಲೈವ್ ವ್ಯವಸ್ಥೆಯಲ್ಲಿ ಇಎಫ್‌ಐಬೂಟ್‌ಎಂಜಿಆರ್ ಆದೇಶವನ್ನು -ವಿ ಆಯ್ಕೆಯೊಂದಿಗೆ ನಡೆಸಿದರೆ ಆ ಪಟ್ಟಿ ಕಾಣುತ್ತದೆ: ಬೂಟ್0000, ಬೂಟ್0001 ಎಂಬ ಸಂಖ್ಯೆ, ಉಬುಂಟು ಎಂಬಂಥ ಹೆಸರು, ಅದರ ಮುಂದೆ ಎಚ್‌ಡಿ ಎಂದು ಆರಂಭವಾಗಿ ಪಾರ್ಟಿಷನ್ ಸಂಖ್ಯೆ, ಜಿಪಿಟಿ ಎಂಬ ಪದ, ಒಂದು ಉದ್ದನೆಯ ಗುರುತು, ಕೊನೆಗೆ ಷಿಮ್‌ಎಕ್ಸ್64.ಇಎಫ್‌ಐ ಕಡತದ ದಾರಿ. ಆ ಉದ್ದನೆಯ ಗುರುತು ಬೂಟ್‌ಲೋಡರ್ ಇರುವ ಪಾರ್ಟಿಷನ್‌ನದು. ಹೊಸ ಡಿಸ್ಕಿನಲ್ಲಿ ಹೊಸದಾಗಿ ಮಾಡಿದ ಪಾರ್ಟಿಷನ್‌ಗೆ ಬೇರೆಯೇ ಗುರುತು ಇರುವುದರಿಂದ ಹಳೆಯ ನಮೂದು ಎಲ್ಲಿಗೂ ತಲುಪುವುದಿಲ್ಲ. ಎಲ್‌ಎಸ್‌ಬಿಎಲ್‌ಕೆ ಆದೇಶಕ್ಕೆ ಪಾರ್ಟ್‌ಯುಯುಐಡಿ ಕಾಲಂ ತೋರಿಸಲು ಹೇಳಿ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ವ್ಯತ್ಯಾಸ ತಕ್ಷಣ ತಿಳಿಯುತ್ತದೆ.

ಬೂಟ್‌ಲೋಡರ್ ಇರುವ ಆ ಪಾರ್ಟಿಷನ್, ಅಂದರೆ ಇಎಸ್‌ಪಿ (ಇಎಫ್‌ಐ ಸಿಸ್ಟಮ್ ಪಾರ್ಟಿಷನ್), ಫ್ಯಾಟ್32 ಕಡತವ್ಯವಸ್ಥೆಯಲ್ಲಿರಬೇಕು ಮತ್ತು ಪಾರ್ಟಿಷನ್ ಕೋಷ್ಟಕದಲ್ಲಿ ಅದರ ಬಗೆ ಇಎಫ್‌ಐ ಸಿಸ್ಟಮ್ ಎಂದೇ ದಾಖಲಾಗಿರಬೇಕು. ಆರ್‌ಸಿಂಕ್‌ನಿಂದ ರೂಟ್ ಅನ್ನು ಮಾತ್ರ ಸಾಗಿಸಿ ಇಎಸ್‌ಪಿಯನ್ನೇ ಮರೆತ ಪ್ರಸಂಗಗಳು ಬಹಳ. ಹಾಗಾಗಿದ್ದರೆ ಸುಮಾರು 500 ಎಂಬಿಯ ಪಾರ್ಟಿಷನ್ ಒಂದನ್ನು ಮಾಡಿ ಮುಂದೆ ವಿವರಿಸುವ ಕ್ರೂಟ್ ವಿಧಾನದಲ್ಲಿ ಗ್ರಬ್ ಅನ್ನು ಅದಕ್ಕೆ ಹಾಕಬೇಕು.

ಕೆಲವು ಲ್ಯಾಪ್‌ಟಾಪ್‌ಗಳ ಫರ್ಮ್‌ವೇರ್ ಡಿಸ್ಕ್ ಬಿಚ್ಚಿದ ಕೂಡಲೇ ಅದರ ನಮೂದನ್ನು ಅಳಿಸಿಹಾಕುತ್ತದೆ. ಅಂಥ ಯಂತ್ರಗಳಿಗೆ ಇಎಸ್‌ಪಿಯೊಳಗೆ ಇಎಫ್‌ಐ ಡೈರೆಕ್ಟರಿ, ಅದರೊಳಗೆ ಬೂಟ್ ಡೈರೆಕ್ಟರಿ, ಅದರಲ್ಲಿ ಬೂಟ್‌ಎಕ್ಸ್64.ಇಎಫ್‌ಐ ಎಂಬ ಹೆಸರಿನ ಬೂಟ್‌ಲೋಡರ್ ಇಡುವುದು ಉತ್ತಮ ಪರಿಹಾರ. ನಮೂದು ಇಲ್ಲದಿದ್ದರೂ ಫರ್ಮ್‌ವೇರ್ ನೋಡುವ ನಿಗದಿತ ಜಾಗ ಅದು. ಗ್ರಬ್-ಇನ್‌ಸ್ಟಾಲ್ ಆದೇಶಕ್ಕೆ --ರಿಮೂವಬಲ್ ಆಯ್ಕೆ ಕೊಟ್ಟರೆ ಗ್ರಬ್ ಅಲ್ಲಿಗೇ ಹೋಗುತ್ತದೆ. ಸೆಕ್ಯೂರ್ ಬೂಟ್ (ಡಿಜಿಟಲ್ ಸಹಿಯಿರುವ ಬೂಟ್‌ಲೋಡರನ್ನಷ್ಟೇ ಒಪ್ಪುವ ವ್ಯವಸ್ಥೆ) ಚಾಲ್ತಿಯಲ್ಲಿದ್ದು ಸೆಕ್ಯುರಿಟಿ ವಯೊಲೇಷನ್ ಎಂಬ ಸಂದೇಶ ಬಂದರೆ, ಗ್ರಬ್‌ಗಿಂತ ಮೊದಲು ಏಳುವ, ಸಹಿಯಿರುವ ಷಿಮ್ ಎಂಬ ಪುಟ್ಟ ಬೂಟ್‌ಲೋಡರ್ ಬಿಟ್ಟು ಬೇರೆ ಕಡತ ಆ ಜಾಗದಲ್ಲಿ ಕೂತಿದೆಯೇ ಎಂದು ನೋಡಬೇಕು.

ಬಯೋಸ್ ವಿಧಾನದ ಹಳೆಯ ಯಂತ್ರಗಳದು ಬೇರೆ ಕಥೆ. ಅವುಗಳಲ್ಲಿ ಬಹುತೇಕವು ಎನ್‌ವಿಎಂಇ ಡಿಸ್ಕಿನಿಂದ ಬೂಟ್ ಮಾಡಲಾರವು, ಸಾಟಾ ಎಸ್‌ಎಸ್‌ಡಿಯೇ ಅವಕ್ಕೆ ಹೊಂದುತ್ತದೆ. ಬಯೋಸ್ ಜೊತೆಗೆ ಜಿಪಿಟಿ ಕೋಷ್ಟಕ ಬಳಸುವುದಾದರೆ ಗ್ರಬ್‌ಗೆಂದು 1 ಎಂಬಿಯ ಬಯೋಸ್ ಬೂಟ್ ಪಾರ್ಟಿಷನ್ ಬೇಕು. ಅದನ್ನು ಫಾರ್ಮ್ಯಾಟ್ ಮಾಡಬಾರದು.

ಗ್ರಬ್ ಪ್ರಾಂಪ್ಟ್‌ನಲ್ಲಿ ನಿಂತಾಗ

ಗ್ರಬ್ ರೆಸ್ಕ್ಯೂ ಎಂದು ಬಂದರೆ ಗ್ರಬ್‌ಗೆ ತನ್ನ ಮಾಡ್ಯೂಲ್‌ಗಳೇ ಸಿಕ್ಕಿಲ್ಲ. ಬರೀ ಗ್ರಬ್ ಎಂದು ಬಂದರೆ ಮಾಡ್ಯೂಲ್‌ಗಳಿವೆ, ಮೆನುವಿನ ಕಡತ ಸಿಕ್ಕಿಲ್ಲ. ಯುಇಎಫ್‌ಐ ಉಬುಂಟುವಿನಲ್ಲಿ ಎರಡನೆಯದೇ ಹೆಚ್ಚು, ಏಕೆಂದರೆ ಸಹಿ ಮಾಡಿದ ಗ್ರಬ್ ಕಡತದೊಳಗೇ ಮುಖ್ಯ ಮಾಡ್ಯೂಲ್‌ಗಳು ಸೇರಿರುತ್ತವೆ. ಇಎಸ್‌ಪಿಯ ಉಬುಂಟು ಡೈರೆಕ್ಟರಿಯಲ್ಲಿ ಮೂರೇ ಸಾಲುಗಳ ಗ್ರಬ್.ಸಿಎಫ್‌ಜಿ ಕಡತವೊಂದಿದೆ. ಮೊದಲ ಸಾಲು ನಿರ್ದಿಷ್ಟ ಯುಯುಐಡಿಯ ಪಾರ್ಟಿಷನನ್ನು ಹುಡುಕು ಎನ್ನುತ್ತದೆ, ಎರಡನೆಯದು ಅದರೊಳಗಿನ /ಬೂಟ್/ಗ್ರಬ್ ದಾರಿಯನ್ನು ನಿಗದಿಪಡಿಸುತ್ತದೆ, ಮೂರನೆಯದು ಅಲ್ಲಿರುವ ದೊಡ್ಡ ಗ್ರಬ್.ಸಿಎಫ್‌ಜಿಯನ್ನು ಓದಿಸುತ್ತದೆ. ಮೊದಲ ಸಾಲಿನಲ್ಲಿ ಹಳೆಯ ಯುಯುಐಡಿ ಉಳಿದಿದ್ದರೆ ಸಾಕು, ಪ್ರಾಂಪ್ಟ್ ಎದುರಾಗುತ್ತದೆ. ಫೆಡೋರಾದಲ್ಲೂ, 34ನೆಯ ಆವೃತ್ತಿಯಿಂದೀಚೆಗೆ, ಇಂಥದೇ ಪುಟ್ಟ ಕಡತ ಇಎಸ್‌ಪಿಯಲ್ಲಿದೆ.

ಬರೀ ಗ್ರಬ್ ಪ್ರಾಂಪ್ಟ್ ಸಿಕ್ಕವರು ಪೆನ್‌ಡ್ರೈವ್ ಇಲ್ಲದೆಯೇ ಒಳಗೆ ಹೋಗಬಹುದು. ಎಲ್‌ಎಸ್ ಎಂದು ಕೇಳಿದರೆ ಎಚ್‌ಡಿ0, ಎಚ್‌ಡಿ0,ಜಿಪಿಟಿ1, ಎಚ್‌ಡಿ0,ಜಿಪಿಟಿ2 ಎಂಬ ಪಟ್ಟಿ ಬರುತ್ತದೆ. ಒಂದೊಂದನ್ನೂ ಆವರಣಚಿಹ್ನೆಯೊಳಗೆ ಬರೆದು ಕೊನೆಗೆ ಓರೆಗೆರೆ ಸೇರಿಸಿ ಎಲ್‌ಎಸ್ ಮಾಡಿದರೆ ಒಳಗಿನ ಡೈರೆಕ್ಟರಿಗಳು ಕಾಣುತ್ತವೆ; ಇಟಿಸಿ, ಹೋಮ್, ಯುಎಸ್‌ಆರ್ ಕಂಡದ್ದು ರೂಟ್. ಸೆಟ್ ಆದೇಶದಿಂದ ಅದನ್ನು ರೂಟ್ ಎಂದು ಹೊಂದಿಸಿ, ಲಿನಕ್ಸ್ ಆದೇಶಕ್ಕೆ /ಬೂಟ್/ವಿಎಂಲಿನಜ್ ಕಡತದ ದಾರಿಯನ್ನೂ ರೂಟ್=/ಡೆವ್/ಎನ್‌ವಿಎಂಇ0ಎನ್1ಪಿ2 ಎಂಬ ಸೂಚನೆಯನ್ನೂ ಕೊಟ್ಟು, ಇನಿಟ್‌ಆರ್‌ಡಿ ಆದೇಶಕ್ಕೆ ಅದೇ ಆವೃತ್ತಿಯ ಇನಿಟ್‌ಆರ್‌ಡಿ ಕಡತವನ್ನು (ಇನಿಟ್‌ರಾಮ್‌ಎಫ್‌ಎಸ್ ಇರುವುದು ಇದರಲ್ಲೇ) ತೋರಿಸಿ, ಬೂಟ್ ಎಂದು ಹೇಳಬೇಕು. ಟ್ಯಾಬ್ ಕೀಲಿ ಇಲ್ಲೂ ಹೆಸರು ಪೂರ್ತಿಗೊಳಿಸುವುದರಿಂದ ಉದ್ದನೆಯ ಆವೃತ್ತಿ ಸಂಖ್ಯೆಗಳನ್ನು ನೆನಪಿಡಬೇಕಿಲ್ಲ. ಇನಿಟ್‌ಆರ್‌ಡಿಯನ್ನು ಬಿಟ್ಟುಬಿಟ್ಟರೆ ಕರ್ನಲ್ ಪ್ಯಾನಿಕ್ ಆಗಿ, ಅನ್‌ನೋನ್-ಬ್ಲಾಕ್ 0,0 ಮೇಲೆ ರೂಟ್ ಮೌಂಟ್ ಮಾಡಲಾಗಲಿಲ್ಲ ಎಂಬ ಸಂದೇಶ ಬರುವ ಸಂಭವವೇ ಹೆಚ್ಚು. ತಾನಾಗಿ ಬಂದ ಅಂಥ ಪ್ಯಾನಿಕ್‌ಗೂ ಇನಿಟ್‌ಆರ್‌ಡಿ ಇಲ್ಲದಿರುವುದೇ ಸಾಮಾನ್ಯ ಕಾರಣ.

ಎಲ್‌ಎಸ್ ಮಾಡಿದಾಗ ಅನ್‌ನೋನ್ ಫೈಲ್‌ಸಿಸ್ಟಮ್ ಎಂಬ ಉತ್ತರ ಬಂದರೆ ಡಿಸ್ಕ್ ಕೆಟ್ಟಿದೆಯೆಂದು ಗಾಬರಿಯಾಗಬೇಡಿ. 2023ರಲ್ಲಿ ಬಂದ ಇ2ಎಫ್‌ಎಸ್‌ಪ್ರಾಗ್ಸ್ 1.47 ಆವೃತ್ತಿಯು ಇಎಕ್ಸ್‌ಟಿ4 ಫಾರ್ಮ್ಯಾಟ್ ಮಾಡುವಾಗ ಮೆಟಾಡೇಟಾ_ಸಿಸಮ್_ಸೀಡ್ ಎಂಬ ಗುಣವನ್ನು ತಾನಾಗಿಯೇ ಸೇರಿಸತೊಡಗಿತು. ಹಳೆಯ ಗ್ರಬ್‌ಗಳಿಗೆ ಅದು ಅರ್ಥವಾಗುವುದಿಲ್ಲ. ಹೊಸ ವಿತರಣೆಯ ಲೈವ್ ಪೆನ್‌ಡ್ರೈವ್‌ನಿಂದ ಎಸ್‌ಎಸ್‌ಡಿಯನ್ನು ಫಾರ್ಮ್ಯಾಟ್ ಮಾಡಿ, ಅದರೊಳಗೆ ಹಳೆಯ ವಿತರಣೆಯನ್ನು ಸಾಗಿಸಿದಾಗ ಲೈವ್ ವ್ಯವಸ್ಥೆಗೆ ಎಲ್ಲವೂ ಕಾಣಿಸುತ್ತದೆ, ಗ್ರಬ್‌ಗೆ ಮಾತ್ರ ಏನೂ ಕಾಣಿಸುವುದಿಲ್ಲ. ಅದೇ ಆವೃತ್ತಿಯ ಪೆನ್‌ಡ್ರೈವ್ ಇರಲೆಂದು ಮೊದಲೇ ಹೇಳಿದ್ದು ಇದಕ್ಕಾಗಿ. ಈಗಾಗಲೇ ಹೀಗಾಗಿದ್ದರೆ ಪಾರ್ಟಿಷನ್ ಅನ್‌ಮೌಂಟ್ ಮಾಡಿ, ಟ್ಯೂನ್2ಎಫ್‌ಎಸ್‌ನ ದೊಡ್ಡಕ್ಷರದ -ಓ ಆಯ್ಕೆಯಲ್ಲಿ ಆ ಗುಣದ ಹೆಸರಿನ ಆರಂಭದಲ್ಲಿ ^ ಚಿಹ್ನೆ ಇಟ್ಟು ಅದನ್ನು ತೆಗೆಯಬಹುದು.

ಕ್ರೂಟ್ ಮಾಡಿ ದುರಸ್ತಿ

ಶಾಶ್ವತ ದುರಸ್ತಿಯೆಲ್ಲ ನಡೆಯುವುದು ಇಲ್ಲಿ. ಲೈವ್ ವ್ಯವಸ್ಥೆಯಲ್ಲಿ ಹೊಸ ರೂಟ್ ಪಾರ್ಟಿಷನನ್ನು /ಎಂಎನ್‌ಟಿ ಮೇಲೆ, ಬೂಟ್ ಪಾರ್ಟಿಷನ್ ಪ್ರತ್ಯೇಕವಿದ್ದರೆ ಅದನ್ನು /ಎಂಎನ್‌ಟಿ/ಬೂಟ್ ಮೇಲೆ, ಇಎಸ್‌ಪಿಯನ್ನು /ಎಂಎನ್‌ಟಿ/ಬೂಟ್/ಇಎಫ್‌ಐ ಮೇಲೆ, ಇದೇ ಅನುಕ್ರಮದಲ್ಲಿ ಮೌಂಟ್ ಮಾಡಿ. ಬಳಿಕ ಡೆವ್, ಪ್ರಾಕ್, ಸಿಸ್, ರನ್ ಈ ನಾಲ್ಕನ್ನೂ --ಆರ್‌ಬೈಂಡ್ ಆಯ್ಕೆಯಿಂದ ಒಳಗೆ ಜೋಡಿಸಿ, ಕ್ರೂಟ್ /ಎಂಎನ್‌ಟಿ ಎಂದು ಒಳಹೊಕ್ಕರೆ ಎಸ್‌ಎಸ್‌ಡಿಯ ವ್ಯವಸ್ಥೆಯೊಳಗೇ ಇದ್ದಂತೆ. ಬರೀ --ಬೈಂಡ್ ಬಳಸಿದರೆ ಸಿಸ್‌ನ ಒಳಗಿನ ಇಎಫ್‌ಐವಾರ್ಸ್ ಜೊತೆಗೆ ಬರುವುದಿಲ್ಲ. ಆಮೇಲೆ ಗ್ರಬ್-ಇನ್‌ಸ್ಟಾಲ್ ಇಎಫ್‌ಐ ವೇರಿಯಬಲ್‌ಗಳು ಈ ವ್ಯವಸ್ಥೆಯಲ್ಲಿಲ್ಲ ಎಂದು ದೂರುತ್ತದೆ.

ಒಳಗೆ ಹೋದ ಮೇಲೆ ಮೊದಲು ಯಾವ ಪಾರ್ಟಿಷನ್ ಎಲ್ಲಿ ಮೌಂಟ್ ಆಗಬೇಕೆಂದು ಹೇಳುವ ಎಫ್‌ಎಸ್‌ಟ್ಯಾಬ್ ಕಡತವನ್ನು ಸರಿಪಡಿಸಿ, ನಂತರ ಉಳಿದದ್ದು. ಬಿಎಲ್‌ಕೆಐಡಿ ತೋರಿಸುವ ಯುಯುಐಡಿಗಳನ್ನು ಎಫ್‌ಎಸ್‌ಟ್ಯಾಬ್‌ನ ಪ್ರತಿ ಸಾಲಿನೊಂದಿಗೆ ಹೋಲಿಸಿ. ಇಎಸ್‌ಪಿಯ ಯುಯುಐಡಿ ಮಾತ್ರ ನಾಲ್ಕು ಅಕ್ಷರ, ನಡುವೆ ಅಡ್ಡಗೆರೆ, ಮತ್ತೆ ನಾಲ್ಕು ಅಕ್ಷರದಷ್ಟು ಗಿಡ್ಡವಾಗಿರುತ್ತದೆ, ಅದನ್ನು ಕಂಡು ತಪ್ಪೆಂದುಕೊಳ್ಳಬೇಡಿ. ಡಿಸ್ಕ್ ಎನ್‌ಕ್ರಿಪ್ಟ್ ಆಗಿದ್ದರೆ ಕ್ರಿಪ್ಟ್‌ಟ್ಯಾಬ್ ಕಡತದಲ್ಲೂ ಹಳೆಯ ಗುರುತು ಇರುತ್ತದೆ. ಎಲ್ಲ ತಿದ್ದಿದ ಬಳಿಕ ಫೈಂಡ್‌ಎಂಎನ್‌ಟಿ --ವೆರಿಫೈ ಎಂಬ ಆದೇಶ ತಪ್ಪಿದ ಸಾಲುಗಳನ್ನು ತಾನೇ ತೋರಿಸುತ್ತದೆ. ಈಗ ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ ಅನ್ನು ಎಲ್ಲ ಕರ್ನಲ್‌ಗಳಿಗೂ ಅನ್ವಯಿಸುವಂತೆ ನಡೆಸಿ, ಗ್ರಬ್-ಇನ್‌ಸ್ಟಾಲ್ ನಡೆಸಿ, ಕೊನೆಗೆ ಅಪ್‌ಡೇಟ್-ಗ್ರಬ್ ನಡೆಸಿ. ಯುಇಎಫ್‌ಐನಲ್ಲಿ ಗ್ರಬ್-ಇನ್‌ಸ್ಟಾಲ್‌ಗೆ ಡಿಸ್ಕಿನ ಹೆಸರು ಬೇಡ. ಬಯೋಸ್‌ನಲ್ಲಿ ಪಾರ್ಟಿಷನ್ ಸಂಖ್ಯೆಯಿಲ್ಲದ ಇಡೀ ಡಿಸ್ಕಿನ ಹೆಸರನ್ನು ಕೊಡಬೇಕು.

ಫೆಡೋರಾದ ಯುಇಎಫ್‌ಐ ಯಂತ್ರಗಳಲ್ಲಿ ಗ್ರಬ್2-ಇನ್‌ಸ್ಟಾಲ್ ಬಳಸಬಾರದು. ಷಿಮ್ ಮತ್ತು ಗ್ರಬ್2-ಇಎಫ್‌ಐ ಪ್ಯಾಕೇಜುಗಳನ್ನು ಡಿಎನ್‌ಎಫ್‌ನಿಂದ ಮರುಸ್ಥಾಪಿಸಬೇಕು. ಅಲ್ಲಿ ಕರ್ನಲ್‌ಗೆ ಹೋಗುವ ರೂಟ್ ಗುರುತು /ಬೂಟ್/ಲೋಡರ್/ಎಂಟ್ರೀಸ್ ಒಳಗಿನ ಕಡತಗಳಲ್ಲಿರುತ್ತದೆ. ಅದನ್ನು ಗ್ರಬಿ ಆದೇಶದಿಂದ ತಿದ್ದಬಹುದು.

ಇನಿಟ್‌ರಾಮ್‌ಎಫ್‌ಎಸ್ ಪ್ರಾಂಪ್ಟ್

ಗ್ರಬ್ ಮೆನು ದಾಟಿ, ಸ್ವಲ್ಪ ಕಾದು, ಇಂಥ ಯುಯುಐಡಿ ಇಲ್ಲ, ಷೆಲ್‌ಗೆ ಬಿಡುತ್ತಿದ್ದೇನೆ ಎಂಬ ಸಂದೇಶದೊಂದಿಗೆ ಬಿಜಿಬಾಕ್ಸ್ ಎಂಬ ಪುಟ್ಟ ಷೆಲ್‌ನ ಇನಿಟ್‌ರಾಮ್‌ಎಫ್‌ಎಸ್ ಪ್ರಾಂಪ್ಟ್ ಬಂದರೆ ಎರಡು ಪ್ರಶ್ನೆ ಕೇಳಿಕೊಳ್ಳಬೇಕು. ಕ್ಯಾಟ್ /ಪ್ರಾಕ್/ಪಾರ್ಟಿಷನ್ಸ್ ಎಂದಾಗ ಎಸ್‌ಎಸ್‌ಡಿ ಕಾಣುತ್ತದೆಯೇ? ಕಾಣುವುದಾದರೆ, ಬಿಎಲ್‌ಕೆಐಡಿ ಹೇಳುವ ಯುಯುಐಡಿಯೂ ಕ್ಯಾಟ್ /ಪ್ರಾಕ್/ಸಿಎಂಡಿಲೈನ್‌ನಲ್ಲಿರುವ ಯುಯುಐಡಿಯೂ ಒಂದೆಯೇ? ಡಿಸ್ಕ್ ಕಂಡು ಗುರುತು ಬೇರೆಯಾಗಿದ್ದರೆ ಗ್ರಬ್ ಮೆನುವಿನಲ್ಲಿ ಹಳೆಯ ಗುರುತು ಉಳಿದಿದೆ, ಕ್ರೂಟ್ ಮಾಡಿ ಅಪ್‌ಡೇಟ್-ಗ್ರಬ್ ನಡೆಸಬೇಕು. ಡಿಸ್ಕೇ ಕಾಣದಿದ್ದರೆ ಮಾಡ್‌ಪ್ರೋಬ್ ಎನ್‌ವಿಎಂಇ ಎಂದು ಪ್ರಯತ್ನಿಸಿ. ಆ ಮಾಡ್ಯೂಲ್ ಇಲ್ಲವೆಂಬ ಉತ್ತರ ಬಂದರೆ ಇನಿಟ್‌ರಾಮ್‌ಎಫ್‌ಎಸ್ ಹಳೆಯ ಯಂತ್ರಾಂಶಕ್ಕಷ್ಟೇ ಹೊಂದುವಂತೆ ತಯಾರಾಗಿದೆ ಎಂದರ್ಥ. ಇನಿಟ್‌ರಾಮ್‌ಎಫ್‌ಎಸ್.ಕಾನ್ಫ್ ಕಡತದಲ್ಲಿ ಮಾಡ್ಯೂಲ್ಸ್ ಎಂಬ ಸಾಲು ಡೆಪ್ ಎಂದಿದ್ದರೆ ಅದನ್ನು ಮೋಸ್ಟ್ ಎಂದು ಬದಲಿಸಿ ಮತ್ತೆ ತಯಾರಿಸಬೇಕು. ಫೆಡೋರಾದಲ್ಲಿ ಇನಿಟ್‌ರಾಮ್‌ಎಫ್‌ಎಸ್ ತಯಾರಿಸುವ ಡ್ರಾಕಟ್ ಈ ಯಂತ್ರಕ್ಕೆ ಬೇಕಾದ ಡ್ರೈವರ್‌ಗಳನ್ನಷ್ಟೇ ಸೇರಿಸುವುದರಿಂದ ಅಲ್ಲಿ ಇದು ಸಹಜ. ಗ್ರಬ್ ಮೆನುವಿನ ರೆಸ್ಕ್ಯೂ ನಮೂದಿನಲ್ಲಿ ಎಲ್ಲ ಡ್ರೈವರ್‌ಗಳೂ ಇರುತ್ತವೆ, ಅದರಿಂದ ಒಳಹೋಗಿ ಡ್ರಾಕಟ್ ಅನ್ನು --ರೀಜೆನರೇಟ್-ಆಲ್ ಮತ್ತು --ಫೋರ್ಸ್ ಆಯ್ಕೆಗಳೊಂದಿಗೆ ನಡೆಸಿದರೆ ಸಾಕು.

ಎಸ್‌ಎಸ್‌ಡಿಯನ್ನು ಯುಎಸ್‌ಬಿ ಕೇಸಿನಲ್ಲಿಟ್ಟು ಪರೀಕ್ಷಿಸುವಾಗ ಡಿಸ್ಕ್ ತಡವಾಗಿ ಎಚ್ಚರಗೊಳ್ಳುವುದರಿಂದಲೂ ಇದೇ ಪ್ರಾಂಪ್ಟ್ ಬರಬಹುದು. ಕೆಲವು ಕ್ಷಣ ಕಾದು ಎಕ್ಸಿಟ್ ಎಂದಾಗ ಬೂಟ್ ಮುಂದುವರಿದರೆ ಕರ್ನಲ್ ಸಾಲಿಗೆ ರೂಟ್‌ಡಿಲೇ=10 ಸೇರಿಸಿ.

ಕೊನೆಯ ಹಂತದ ತಡೆಗಳು

ಒಂದು ಡಿಸ್ಕಿಗಾಗಿ ಕಾಯುತ್ತಿದ್ದೇನೆ ಎಂಬ ಸಾಲಿನೆದುರು ಒಂದೂವರೆ ನಿಮಿಷದ ಎಣಿಕೆ ಓಡತೊಡಗಿದರೆ ಸಿಸ್ಟಮ್‌ಡಿ ಎಫ್‌ಎಸ್‌ಟ್ಯಾಬ್‌ನಲ್ಲಿರುವ, ಆದರೆ ಇಲ್ಲದ ಪಾರ್ಟಿಷನ್ ಒಂದನ್ನು ಹುಡುಕುತ್ತಿದೆ. ಅದು ಸ್ವಾಪ್ (ಮೆಮೊರಿ ಸಾಲದಾದಾಗ ಬಳಸುವ ಡಿಸ್ಕಿನ ಜಾಗ) ಆಗಿದ್ದರೆ ಕಾದು ಮುಂದೆ ಹೋಗುತ್ತದೆ; ಹೋಮ್ ಅಥವಾ ಇಎಸ್‌ಪಿ ಆಗಿದ್ದರೆ ಎಮರ್ಜೆನ್ಸಿ ಮೋಡ್‌ಗೆ ಬೀಳುತ್ತದೆ. ಜರ್ನಲ್‌ಸಿಟಿಎಲ್ -ಎಕ್ಸ್‌ಬಿ ಯಾವ ಪಾರ್ಟಿಷನ್ ಎಂಬುದನ್ನು ಹೆಸರಿಸುತ್ತದೆ. ರೂಟ್ ಓದಲು ಮಾತ್ರ ತೆರೆದಿದ್ದರೆ ಬರೆಯಲು ಮರುಮೌಂಟ್ ಮಾಡಿ ಎಫ್‌ಎಸ್‌ಟ್ಯಾಬ್ ತಿದ್ದಿ. ಯಾವಾಗಲೂ ಜೋಡಿಸಿರದ ಡಿಸ್ಕುಗಳ ಸಾಲಿಗೆ, ಅವು ಸಿಗದಿದ್ದರೂ ಬೂಟ್ ನಿಲ್ಲದಂತೆ, ನೋಫೇಲ್ ಆಯ್ಕೆ ಸೇರಿಸುವುದು ಒಳ್ಳೆಯ ಅಭ್ಯಾಸ. ರೂಟ್ (ನಿರ್ವಾಹಕ) ಖಾತೆ ಲಾಕ್ ಆಗಿದೆ ಎಂದು ಒಳಗೇ ಬಿಡದಿದ್ದರೆ ಮತ್ತೆ ಲೈವ್ ಪೆನ್‌ಡ್ರೈವ್ ಹಿಡಿಯಬೇಕು.

ಸ್ವಾಪ್ ಹೊಸದಾಗಿದ್ದರೆ ಇನ್ನೊಂದು ಕಡೆ ಅದರ ಹಳೆಯ ಗುರುತು ಅಡಗಿರುತ್ತದೆ: ಇನಿಟ್‌ರಾಮ್‌ಎಫ್‌ಎಸ್-ಟೂಲ್ಸ್ ಡೈರೆಕ್ಟರಿಯ ಕಾನ್ಫ್.ಡಿ ಒಳಗಿನ ರೆಸ್ಯೂಮ್ ಎಂಬ ಕಡತ. ಪ್ರತಿ ಬೂಟ್‌ನಲ್ಲೂ ಕಾರಣವಿಲ್ಲದೆ ತಡವಾಗುತ್ತಿದೆ, ಬೂಟ್ ಮಾತ್ರ ಆಗುತ್ತಿದೆ ಎನ್ನುವವರು ಇದನ್ನು ನೋಡಬೇಕು. ತಿದ್ದಿದ ಬಳಿಕ ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ ನಡೆಸದಿದ್ದರೆ ಬದಲಾವಣೆ ಜಾರಿಗೆ ಬರುವುದಿಲ್ಲ.

ಇವೆಲ್ಲಕ್ಕಿಂತ ಭಿನ್ನವಾದುದು, ಒಮ್ಮೆ ಬೂಟ್ ಆಗಿ ಮತ್ತೊಮ್ಮೆ ಆಗದಿರುವುದು ಅಥವಾ ಬೂಟ್ ಆದ ಸ್ವಲ್ಪ ಹೊತ್ತಿನಲ್ಲಿ ಡಿಸ್ಕ್ ಬರೆಯಲಾಗದ ಸ್ಥಿತಿಗೆ ಹೋಗುವುದು. ಕರ್ನಲ್ ಸಂದೇಶಗಳನ್ನು ತೋರಿಸುವ ಡಿಎಂಇಎಸ್‌ಜಿ ಆದೇಶದಲ್ಲಿ ಕಂಟ್ರೋಲರ್ ಈಸ್ ಡೌನ್ ಎಂಬ ಸಾಲಿದ್ದರೆ ಎನ್‌ವಿಎಂಇಯ ವಿದ್ಯುತ್ ಉಳಿತಾಯದ ವ್ಯವಸ್ಥೆಯೇ ಕಾರಣವಾಗಿರಬಹುದು. ಕೆಲವು ಎಸ್‌ಎಸ್‌ಡಿಗಳು ಆಳವಾದ ನಿದ್ರಾಸ್ಥಿತಿಯಿಂದ ಸರಿಯಾಗಿ ಮರಳುವುದಿಲ್ಲ. ಕರ್ನಲ್ ಸಾಲಿಗೆ ಎನ್‌ವಿಎಂಇ_ಕೋರ್.ಡೀಫಾಲ್ಟ್_ಪಿಎಸ್_ಮ್ಯಾಕ್ಸ್_ಲೇಟೆನ್ಸಿ_ಯುಎಸ್=0 ಸೇರಿಸಿ ಕೆಲವು ದಿನ ಗಮನಿಸಿ, ಜೊತೆಗೆ ಎಸ್‌ಎಸ್‌ಡಿಗೆ ಹೊಸ ಫರ್ಮ್‌ವೇರ್ ಬಂದಿದೆಯೇ ಎಂದು ನೋಡಿ. ಸ್ಮಾರ್ಟ್‌ಸಿಟಿಎಲ್ ವರದಿಯಲ್ಲಿ ಮೀಡಿಯಾ ದೋಷಗಳ ಸಂಖ್ಯೆ ಸೊನ್ನೆ ಬಿಟ್ಟು ಏರುತ್ತಿದ್ದರೆ ಮಾತ್ರ ಡಿಸ್ಕೇ ದೋಷಯುಕ್ತ. ವಾರಂಟಿ ಇರುವಾಗಲೇ ಬದಲಿಸಿಕೊಳ್ಳಿ.

ದುರಸ್ತಿ ಮುಗಿದ ಮೇಲೆ ಹಳೆಯ ಡಿಸ್ಕನ್ನು ಭೌತಿಕವಾಗಿ ಬಿಚ್ಚಿ, ಯಂತ್ರವನ್ನು ಪೂರ್ತಿ ಆರಿಸಿ, ಮತ್ತೆ ಹೊತ್ತಿಸಿ ನೋಡಬೇಕು. ರೀಸ್ಟಾರ್ಟ್ ಒಂದೇ ಸಾಲದು. ಫೈಂಡ್‌ಎಂಎನ್‌ಟಿ ಆದೇಶದಲ್ಲಿ ರೂಟ್, ಬೂಟ್, ಇಎಸ್‌ಪಿ ಮೂರೂ ಹೊಸ ಡಿಸ್ಕಿನವೇ ಎಂದು ಓದಿ ಖಚಿತಪಡಿಸಿಕೊಳ್ಳಿ, ಖಾಲಿಯಾದ ಜಾಗವನ್ನು ಎಸ್‌ಎಸ್‌ಡಿಗೆ ಆಗಾಗ ತಿಳಿಸುವ ಎಫ್‌ಎಸ್‌ಟ್ರಿಮ್.ಟೈಮರ್ ಚಾಲ್ತಿಯಲ್ಲಿದೆಯೇ ನೋಡಿ. ಮುಂದಿನ ಕರ್ನಲ್ ಅಪ್‌ಡೇಟ್ ಬಂದು, ಹೊಸ ಇನಿಟ್‌ರಾಮ್‌ಎಫ್‌ಎಸ್ ತಾನಾಗಿ ತಯಾರಾಗಿ, ಆ ಕರ್ನಲ್‌ನಲ್ಲೇ ಯಂತ್ರ ಬೂಟ್ ಆದದ್ದನ್ನು ಕಂಡ ಬಳಿಕವೇ ಹಳೆಯ ಡಿಸ್ಕನ್ನು ಬೇರೆ ಕೆಲಸಕ್ಕೆ ಫಾರ್ಮ್ಯಾಟ್ ಮಾಡಿ.